ರಾತ್ರಿ ಕಾರು ಕೆಟ್ಟು ನಿಂತಾಗ ಕೈಗೆ ಸಿಗಬೇಕಾದ ಸಾಮಾನು

ಸ್ಟುಟ್‌ಗಾರ್ಟ್ ಸುತ್ತಮುತ್ತ ಹೊಸದಾಗಿ ಬಂದಿರುವ ಕನ್ನಡದ ಕುಟುಂಬಗಳಿಗೆ

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಾರನೆಯ ದಿನದಿಂದ ಆಫೀಸು ಬಿಡುವ ಹೊತ್ತಿಗೇ ಕತ್ತಲು. ಡಿಸೆಂಬರ್‌ನಲ್ಲಂತೂ ಸಂಜೆ ನಾಲ್ಕೂವರೆಗೆ ದೀಪ ಹಚ್ಚಬೇಕು. ನಮ್ಮ ದೀಪಾವಳಿ, ರಾಜ್ಯೋತ್ಸವದ ಕಾರ್ಯಕ್ರಮಗಳು ಬರುವುದೂ ಇದೇ ದಿನಗಳಲ್ಲಿ. ಊಟ ಮುಗಿಸಿ, ಪಾತ್ರೆ ತೊಳೆದು ತುಂಬಿಕೊಂಡು, ನಿದ್ದೆ ಹೋದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಡುವಾಗ ರಾತ್ರಿ ಹತ್ತು ದಾಟಿರುತ್ತದೆ.

ಹಾಗೆ ಹೊರಟ ಒಂದು ಶನಿವಾರ ರಾತ್ರಿ ಎ8 ಹೆದ್ದಾರಿಯಲ್ಲಿ, ಐಖೆಲ್‌ಬೆರ್ಗ್ ಹತ್ತಿರ, ನನ್ನ ಕಾರಿನ ಹಿಂದಿನ ಟೈರು ಒಡೆಯಿತು. ಬಲಗಡೆಯ ಪಟ್ಟಿಗೆ ತಂದು ನಿಲ್ಲಿಸಿದೆ. ಹೊಳೆಯುವ ಹಳದಿ ವೆಸ್ಟ್ ಇತ್ತು, ಎಚ್ಚರಿಕೆಯ ತ್ರಿಕೋನ ಇತ್ತು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇತ್ತು. ಕಾನೂನಿನ ಪ್ರಕಾರ ಏನೂ ಕಡಿಮೆ ಇರಲಿಲ್ಲ. ಆದರೆ ಎಲ್ಲವೂ ಡಿಕ್ಕಿಯ ತಳದಲ್ಲಿ! ಅದರ ಮೇಲೆ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಹಾರ್ಮೋನಿಯಂ, ಬ್ಯಾನರು, ಮಕ್ಕಳ ನಾಟಕದ ಕಿರೀಟಗಳು. ಕಪ್ಪು ಜಾಕೆಟ್ ತೊಟ್ಟು, ಹೆದ್ದಾರಿಗೆ ಬೆನ್ನು ಹಾಕಿ, ಒಂದೊಂದೇ ಸಾಮಾನು ಇಳಿಸುತ್ತಾ ನಿಂತಿದ್ದೆ. ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಕಾರು ಅಲುಗಾಡುತ್ತಿತ್ತು. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಅಂದಿನಿಂದ ಹೊಸಬರು ಯಾರು ಸಿಕ್ಕರೂ ನಾನು ಕೇಳುವ ಮೊದಲ ಪ್ರಶ್ನೆ, "ವೆಸ್ಟ್ ಎಲ್ಲಿಟ್ಟಿದ್ದೀರಿ?" ಇದೆಯಾ ಎಂದು ಕೇಳುವುದಿಲ್ಲ, ಎಲ್ಲಿದೆ ಎಂದು ಕೇಳುತ್ತೇನೆ.

ಕಾರಿನಲ್ಲಿ ಇರಲೇಬೇಕಾದ ಮೂರು

ಜರ್ಮನಿಯಲ್ಲಿ ಪ್ರತಿ ಕಾರಿನಲ್ಲೂ ಮೂರು ವಸ್ತು ಕಡ್ಡಾಯ. ಒಂದು ಎಚ್ಚರಿಕೆಯ ತ್ರಿಕೋನ, ಇಲ್ಲಿಯವರು ವಾರ್ನ್‌ಡ್ರೈಎಕ್ ಎನ್ನುತ್ತಾರೆ. ಎರಡನೆಯದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಫೆರ್ಬಾಂಡ್ಸ್‌ಕಾಸ್ಟನ್. ಮೂರನೆಯದು ವಾರ್ನ್‌ವೆಸ್ಟೆ, ಅಂದರೆ ಹೊಳೆಯುವ ಪಟ್ಟಿಯ ವೆಸ್ಟ್. ಇದು 2014ರ ಜುಲೈ 1ರಿಂದ ಕಡ್ಡಾಯವಾಗಿದೆ. ಕೆಂಪು, ಹಳದಿ, ಕಿತ್ತಳೆ, ಈ ಮೂರರಲ್ಲಿ ಯಾವ ಬಣ್ಣವಾದರೂ ಸರಿ. ಒಳಗಿನ ಚೀಟಿಯಲ್ಲಿ ಸುರಕ್ಷತಾ ಮಾನದಂಡದ 20471 ಎಂಬ ಸಂಖ್ಯೆ ಇದೆಯಾ ಅಂತ ನೋಡಿಕೊಳ್ಳಿ.

ಪೊಲೀಸರು ತಡೆದು ಕೇಳಿದಾಗ ವೆಸ್ಟ್ ಅಥವಾ ತ್ರಿಕೋನ ಇಲ್ಲದಿದ್ದರೆ 15 ಯೂರೋ ದಂಡ. ಸಣ್ಣ ಮೊತ್ತ, ಅದಕ್ಕೇ ಜನ ಉದಾಸೀನ ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಕಾರಿನ ತಪಾಸಣೆ ಮಾಡುವವರೂ ಇವನ್ನು ನೋಡುತ್ತಾರೆ. ಪೆಟ್ಟಿಗೆಯ ಮೇಲೆ ಮುಗಿಯುವ ದಿನಾಂಕ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಅದನ್ನು ಮೊದಲು ನೋಡಿ.

ಕಾನೂನು ಕೇಳುವುದು ಕಾರಿಗೆ ಒಂದು ವೆಸ್ಟ್ ಮಾತ್ರ. ಆದರೆ ಕಾರಿನಲ್ಲಿ ಐದು ಜನ ಇದ್ದರೆ ಕತ್ತಲಲ್ಲಿ ಇಳಿಯುವವರೂ ಐದು ಜನ ಅಲ್ವಾ? ಪೆಟ್ರೋಲ್ ಬಂಕಿನಲ್ಲಿ, ಸೂಪರ್‌ಮಾರ್ಕೆಟ್ಟಿನಲ್ಲಿ ನಾಲ್ಕೈದು ಯೂರೋಗೆ ಒಂದು ಸಿಗುತ್ತದೆ. ಮಕ್ಕಳ ಅಳತೆಯದೂ ಇದೆ. ಡ್ರೈವರನ ವೆಸ್ಟ್ ಡ್ರೈವರ್ ಬಾಗಿಲ ಜೇಬಿನಲ್ಲಿರಲಿ, ಉಳಿದವು ಮುಂದಿನ ಸೀಟಿನ ಹಿಂಬದಿಯ ಜೇಬಿನಲ್ಲಿ. ಬಾಗಿಲು ತೆಗೆಯುವ ಮೊದಲೇ ತೊಡಬೇಕು. ಕಾರಿನೊಳಗೆ ಕೂತು ತೊಡುವುದನ್ನು ಮನೆ ಮುಂದೆ ಒಂದು ಸಲ ಅಭ್ಯಾಸ ಮಾಡಿ. ನಗಬೇಡಿ, ಚಳಿಗಾಲದ ದಪ್ಪ ಜಾಕೆಟ್ಟಿನ ಮೇಲೆ ಅದು ಅಷ್ಟು ಸುಲಭವಲ್ಲ.

ಇವುಗಳ ಜೊತೆಗೆ ಒಂದು ತಲೆಗೆ ಕಟ್ಟುವ ಟಾರ್ಚ್, ಫೋನ್ ಚಾರ್ಜರ್, ಒಂದು ಕಂಬಳಿ, ನೀರು. ಚಳಿಗಾಲದ ರಾತ್ರಿ ಸಹಾಯಕ್ಕೆ ಒಂದು ಗಂಟೆ ಕಾಯಬೇಕಾಗಿ ಬಂದರೆ ಕಂಬಳಿಯ ಬೆಲೆ ಗೊತ್ತಾಗುತ್ತದೆ. ಕೋಡುಬಳೆ ಡಬ್ಬಿಯ ಬಗ್ಗೆ ನಾನು ಹೇಳಬೇಕಾಗಿಲ್ಲ, ಅದು ಹೇಗೂ ಇರುತ್ತದೆ.

ಕಾರು ನಿಂತೇ ಹೋದರೆ

ಊರಿನ ಕಡೆ ಲಾರಿ ಕೆಟ್ಟರೆ ಹಿಂದೆ ಸೊಪ್ಪಿನ ಕೊಂಬೆ ಹಾಕಿ, ನಾಲ್ಕು ಕಲ್ಲು ಇಡುತ್ತಾರೆ. ತ್ರಿಕೋನದ ಕೆಲಸವೂ ಅದೇ. ವ್ಯತ್ಯಾಸ ಇರುವುದು ದೂರದಲ್ಲಿ. ನಾವು ಕೊಂಬೆಯನ್ನು ಗಾಡಿಯಿಂದ ಹತ್ತು ಹೆಜ್ಜೆ ಹಿಂದೆ ಇಡುತ್ತೇವೆ. ಇಲ್ಲಿ ಊರೊಳಗೆ ಸುಮಾರು 50 ಮೀಟರ್, ಊರಾಚೆಯ ರಸ್ತೆಯಲ್ಲಿ 100, ಹೆದ್ದಾರಿಯಲ್ಲಿ, ಅಂದರೆ ಆಟೋಬಾನ್‌ನಲ್ಲಿ 150ರಿಂದ 200 ಮೀಟರ್ ಹಿಂದೆ ಇಡಬೇಕು.

ಇಷ್ಟು ದೂರ ಯಾಕೆ? ಇಲ್ಲಿನ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವ ಒಂದು ಸುಲಭ ಲೆಕ್ಕ ಇದೆ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಎದುರಿಗೆ ಏನೋ ಇದೆ ಎಂದು ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವುದರೊಳಗೆ ಕಾರು ಓಡುವ ದೂರ. ವೇಗದ ಹತ್ತನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ. ಗಂಟೆಗೆ 130 ಕಿಲೋಮೀಟರ್ ಅಂದರೆ 39 ಮತ್ತು 169, ಒಟ್ಟು 208 ಮೀಟರ್. ಅದೂ ಒಣಗಿದ ರಸ್ತೆಯಲ್ಲಿ. ಹತ್ತು ಹೆಜ್ಜೆ ಹಿಂದೆ ಇಟ್ಟ ತ್ರಿಕೋನವನ್ನು ಹಿಂದಿನಿಂದ ಬರುವವನು ನೋಡುವ ಹೊತ್ತಿಗೆ ನಮ್ಮ ಕಾರಿಗೂ ಗುದ್ದಿರುತ್ತಾನೆ.

ಕತ್ತಲಲ್ಲಿ 200 ಮೀಟರ್ ಅಳೆಯುವುದು ಹೇಗೆ? ರಸ್ತೆ ಬದಿಯಲ್ಲಿ ಬಿಳಿ ಬಣ್ಣದ, ಕಪ್ಪು ಪಟ್ಟಿಯ ಗಿಡ್ಡ ಕಂಬಗಳು ಇರುತ್ತವೆ. ನೇರ ರಸ್ತೆಯಲ್ಲಿ ಎರಡು ಕಂಬಗಳ ನಡುವೆ 50 ಮೀಟರ್. ನಾಲ್ಕು ಕಂಬ ಎಣಿಸಿದರೆ ಆಯಿತು.

ಕೆಲಸದ ಕ್ರಮ ಹೀಗೆ. ಕಾರನ್ನು ಆದಷ್ಟು ಬಲಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಮಿನುಗಲಿ, ಪಾರ್ಕಿಂಗ್ ಲೈಟ್ ಉರಿಯುತ್ತಿರಲಿ. ವೆಸ್ಟ್ ತೊಡಿ. ಆಮೇಲೆ ಎಲ್ಲರೂ ಬಲಗಡೆಯ ಬಾಗಿಲಿನಿಂದ ಇಳಿಯಬೇಕು. ಡ್ರೈವರ್ ಕೂಡ ಪಕ್ಕದ ಸೀಟಿಗೆ ಜಾರಿಕೊಂಡು ಆ ಕಡೆಯಿಂದಲೇ ಇಳಿಯುವುದು ಒಳ್ಳೆಯದು. ಇಲ್ಲಿ ಸ್ಟೀರಿಂಗ್ ಎಡಕ್ಕೆ, ಅಂದರೆ ಡ್ರೈವರ್ ಬಾಗಿಲು ತೆರೆಯುವುದೇ ಓಡುವ ಗಾಡಿಗಳ ಕಡೆಗೆ. ಇಳಿದವರೆಲ್ಲ ಕಬ್ಬಿಣದ ತಡೆಬೇಲಿಯ ಆಚೆ ಹೋಗಬೇಕು. ಊರಿಂದ ಬಂದ ಅತ್ತೆಗೋ ಅಮ್ಮನಿಗೋ ಸೀರೆಯಲ್ಲಿ ಅದನ್ನು ದಾಟುವುದು ಕಷ್ಟ, "ನಾನು ಕಾರಲ್ಲೇ ಕೂತಿರ್ತೀನಿ" ಅನ್ನುತ್ತಾರೆ. ಒಪ್ಪಬೇಡಿ. ಕೈ ಹಿಡಿದು ದಾಟಿಸಿ. ಕಾರಿನ ಮುಂದೆ ನಿಲ್ಲುವುದೂ ಬೇಡ. ಯಾರಾದರೂ ಹಿಂದಿನಿಂದ ಗುದ್ದಿದರೆ ಕಾರು ಮುಂದಕ್ಕೇ ಹಾರುತ್ತದೆ. ಅದಕ್ಕೇ ಬೇಲಿಯಾಚೆ, ಕಾರಿಗಿಂತ ಕೆಲವು ಮೀಟರ್ ಹಿಂದೆ ನಿಲ್ಲಿ.

ಎಲ್ಲರೂ ಸುರಕ್ಷಿತವಾಗಿ ನಿಂತ ಮೇಲೆ ಒಬ್ಬರು ತ್ರಿಕೋನವನ್ನು ಬಿಡಿಸಿ, ಎದೆಯ ಮುಂದೆ ಹಿಡಿದುಕೊಂಡು, ಬೇಲಿಯ ಆಚೆಯಿಂದಲೇ ಹಿಂದಕ್ಕೆ ನಡೆಯಲಿ. ತಿರುವು ಇದ್ದರೆ ತಿರುವಿಗಿಂತ ಮೊದಲೇ ಇಡಬೇಕು. ಆಟೋಬಾನ್‌ನಲ್ಲಿ ಟೈರು ಬದಲಿಸುವ ಸಾಹಸ ಬೇಡವೇ ಬೇಡ. ಹೇಗೂ ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ಇನ್ನೊಂದು ಮಾತು. ಪೆಟ್ರೋಲ್ ಖಾಲಿಯಾಗಿ ನಿಂತರೆ ಅದನ್ನು ಇಲ್ಲಿ ದುರದೃಷ್ಟ ಅಂತ ಯಾರೂ ಒಪ್ಪುವುದಿಲ್ಲ. ಮೊದಲೇ ನೋಡಿಕೊಳ್ಳಬಹುದಿತ್ತು ಎಂದು ದಂಡ ಹಾಕುತ್ತಾರೆ. ರಿಸರ್ವ್‌ನಲ್ಲಿ ಓಡಿಸುವ ಊರಿನ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬನ್ನಿ.

ಯಾರನ್ನು ಕರೆಯಬೇಕು, ಏನು ಹೇಳಬೇಕು

ಗಾಯವಾಗಿದ್ದರೆ ಅಥವಾ ಬೆಂಕಿ ಇದ್ದರೆ 112. ಪೊಲೀಸರಿಗೆ 110. ಎರಡಕ್ಕೂ ದುಡ್ಡಿಲ್ಲ. ಬರೀ ಕಾರು ಕೆಟ್ಟಿದ್ದರೆ ನೀವು ಸದಸ್ಯರಾಗಿರುವ ಆಟೋಮೊಬೈಲ್ ಕ್ಲಬ್ಬಿಗೋ ವಿಮೆಯವರಿಗೋ ಫೋನ್ ಮಾಡಿ. ಅಂಥ ಒಂದು ಕ್ಲಬ್ಬಾದ ಎಡಿಎಸಿಯ ಹಳದಿ ಗಾಡಿಗಳನ್ನು ರಸ್ತೆಯಲ್ಲಿ ನೋಡಿಯೇ ಇರುತ್ತೀರಿ. ಇಲ್ಲಿಯವರು ಅವರನ್ನು ಹಳದಿ ದೇವದೂತರು ಅಂತಲೇ ಕರೆಯುವುದು.

ಎಲ್ಲಿದ್ದೀರಿ ಎಂದು ಹೇಳಲು ಮೂರು ವಿಷಯ ಬೇಕು: ಹೆದ್ದಾರಿಯ ಸಂಖ್ಯೆ, ಯಾವ ದಿಕ್ಕಿಗೆ ಹೋಗುತ್ತಿದ್ದಿರಿ, ಕಿಲೋಮೀಟರ್. "ಎ8, ಮ್ಯೂನಿಕ್ ದಿಕ್ಕು" ಅಂತ ಹೇಳದಿದ್ದರೆ ಸಹಾಯದ ಗಾಡಿ ಎದುರು ಬದಿಗೆ ಬಂದು, ಮುಂದಿನ ದಾರಿ ಹುಡುಕಿಕೊಂಡು ತಿರುಗಿ ಬರಬೇಕಾಗುತ್ತದೆ. ಕಿಲೋಮೀಟರ್ ಫಲಕ ಪ್ರತಿ 500 ಮೀಟರಿಗೆ ಒಂದಿದೆ. ಫೋನ್ ಸತ್ತಿದ್ದರೆ ಕಿತ್ತಳೆ ಬಣ್ಣದ ತುರ್ತು ಫೋನಿನ ಕಂಬ ಸುಮಾರು ಎರಡು ಕಿಲೋಮೀಟರಿಗೆ ಒಂದು ಇರುತ್ತದೆ. ಯಾವ ಕಡೆ ಹತ್ತಿರ ಅನ್ನುವುದನ್ನು ಬಿಳಿ ಗಿಡ್ಡ ಕಂಬದ ತಲೆಯ ಮೇಲಿನ ಸಣ್ಣ ಬಾಣ ತೋರಿಸುತ್ತದೆ. ಆ ಫೋನಿನಿಂದ ಮಾತಾಡಿದರೆ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಬೇರೆಯವರ ಅಪಘಾತ ಕಣ್ಣಿಗೆ ಬಿದ್ದರೆ "ನಮಗ್ಯಾಕೆ ಕೇಸು" ಎಂದು ಹೋಗಿಬಿಡುವಂತಿಲ್ಲ. ಆಗುವಷ್ಟು ಸಹಾಯ ಮಾಡದೆ ಹೋಗುವುದು ಇಲ್ಲಿ ಅಪರಾಧ. 112ಕ್ಕೆ ಕರೆ ಮಾಡುವುದೂ ಸಹಾಯವೇ. ಭಾರತದ ಲೈಸೆನ್ಸ್ ಇಲ್ಲಿ ಮನೆ ಮಾಡಿದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಕೊಡಬೇಕು, ಅದಕ್ಕೆ ಮೊದಲು ಪ್ರಥಮ ಚಿಕಿತ್ಸೆಯ ಒಂದು ದಿನದ ತರಗತಿ. ಅಪಘಾತ ಕಂಡಾಗ ಸಹಾಯಕ್ಕೂ ಅದೇ ಬೇಕಾಗುವುದರಿಂದ ಆ ತರಗತಿಯನ್ನು ಮೊದಲ ತಿಂಗಳಲ್ಲೇ ಮುಗಿಸಿಬಿಡಿ.

ಟ್ರಾಫಿಕ್ ನಿಧಾನವಾದ ಕೂಡಲೇ, ಸೈರನ್ ಕೇಳುವ ಮೊದಲೇ, ಆಂಬುಲೆನ್ಸಿಗೆ ದಾರಿ ಬಿಡಬೇಕು. ಇದಕ್ಕೆ ರೆಟುಂಗ್ಸ್‌ಗಾಸೆ ಅಂತ ಹೆಸರು. ನಿಮ್ಮ ಬಲಗೈಯನ್ನು ಕವುಚಿ ನೋಡಿ. ಹೆಬ್ಬೆರಳು ಎಡಗಡೆಯ ಕೊನೆಯ ಸಾಲು, ಅದು ಎಡಕ್ಕೆ ಸರಿಯುತ್ತದೆ. ಉಳಿದ ಬೆರಳುಗಳೆಲ್ಲ ಬಲಕ್ಕೆ. ನಡುವಿನ ಸಂದೇ ದಾರಿ. ದಾರಿ ಬಿಡದಿದ್ದರೆ ಕನಿಷ್ಠ 200 ಯೂರೋ ದಂಡ, ನಿಮ್ಮ ಚಾಲನೆಯ ದಾಖಲೆಯಲ್ಲಿ ಎರಡು ತಪ್ಪಿನ ಪಾಯಿಂಟ್, ಒಂದು ತಿಂಗಳು ಗಾಡಿ ಓಡಿಸುವ ಹಾಗಿಲ್ಲ.

ಮಂಜು, ಜಿಂಕೆ, ಲೈಟು

ನವೆಂಬರ್‌ನಲ್ಲಿ ಷ್ವೇಬಿಷ್ ಆಲ್ಬ್ ಬೆಟ್ಟದ ಮೇಲೆ ಮಂಜು ಕವಿಯುತ್ತದೆ. ನಮ್ಮ ಚಾರ್ಮಾಡಿಯ ಮಂಜಿನ ಹಾಗೇ, ಆದರೆ ಇಲ್ಲಿ ಗಾಡಿಗಳ ವೇಗ ಜಾಸ್ತಿ. ಹಿಂದಿನ ಕೆಂಪು ಫಾಗ್ ಲೈಟನ್ನು 50 ಮೀಟರಿಗಿಂತ ಆಚೆ ಕಾಣದಿದ್ದಾಗ ಮಾತ್ರ ಹಾಕಬೇಕು. ಮುಂದಿನ ಬಿಳಿ ಕಂಬ ಕಾಣಿಸದಿದ್ದರೆ ಹಾಕಿ. ಅಂಥ ಮಂಜಿನಲ್ಲಿ ವೇಗ ಗಂಟೆಗೆ 50 ಮೀರುವಂತಿಲ್ಲ. ಮಳೆಗೆಲ್ಲ ಅದನ್ನು ಹಾಕಿದರೆ ಹಿಂದಿನವನ ಕಣ್ಣು ಕುಕ್ಕುತ್ತದೆ.

ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ಕಡೆಯ ಸಣ್ಣ ರಸ್ತೆಗಳಲ್ಲಿ ಮಿತಿ 100 ಅಂತ ಇರುತ್ತದೆ. ಲೋ ಬೀಮ್ ಲೈಟು ಸುಮಾರು 60 ಮೀಟರ್ ತೋರಿಸುತ್ತದೆ. ಮೇಲಿನ ಲೆಕ್ಕ ಹಾಕಿ ನೋಡಿ, 70ರ ವೇಗಕ್ಕೇ 70 ಮೀಟರ್ ಬೇಕು. ಜಿಂಕೆ ಕಂಡರೆ ಲೈಟನ್ನು ಲೋ ಬೀಮಿಗೆ ಇಳಿಸಿ, ಹಾರ್ನ್ ಮಾಡಿ, ಬ್ರೇಕ್ ಹಿಡಿಯಿರಿ. ತಪ್ಪಿಸಲು ಹೋಗಿ ಮರಕ್ಕೆ ಗುದ್ದುವುದು ಇನ್ನೂ ಅಪಾಯ. ಒಂದು ಜಿಂಕೆಯ ಹಿಂದೆ ಇನ್ನೂ ಎರಡು ಇರುತ್ತವೆ. ಗುದ್ದಿಯೇ ಬಿಟ್ಟರೆ 110ಕ್ಕೆ ತಿಳಿಸಿ. ವಿಮೆಯವರು ಕೇಳುವ ಪತ್ರವೂ ಆಗ ಸಿಗುತ್ತದೆ. ಪ್ರಾಣಿಯನ್ನು ಮುಟ್ಟಬೇಡಿ.

ಎದುರಿನವನು ಲೈಟ್ ಮಿನುಗಿಸಿದರೆ ಊರಲ್ಲಿ "ನಾನು ಬರ್ತಿದ್ದೀನಿ, ಪಕ್ಕಕ್ಕೆ ಸರಿ" ಅಂತ ಅರ್ಥ. ಇಲ್ಲಿ ಕಿರಿದಾದ ಬೀದಿಯಲ್ಲಿ ಸಾಮಾನ್ಯವಾಗಿ ಅದು "ನೀವು ಹೋಗಿ" ಅನ್ನುವುದಕ್ಕೆ. ಮೊದಲ ವಾರ ನಾವಿಬ್ಬರೂ ನಿಂತೇ ಇದ್ದೆವು, ಅವನೂ ನಾನೂ.

ನಡೆಯುವವರು, ಸೈಕಲ್ಲಿನವರು

ಮೊದಲ ಚಳಿಗಾಲಕ್ಕೆ ಎಲ್ಲರೂ ಕೊಳ್ಳುವುದು ಕಪ್ಪು ಜಾಕೆಟ್. ಕೊಳೆ ಕಾಣುವುದಿಲ್ಲ ಅಂತ. ಕತ್ತಲಲ್ಲಿ ಮನುಷ್ಯನೂ ಕಾಣುವುದಿಲ್ಲ. ಕಪ್ಪು ಬಟ್ಟೆಯವರು ಡ್ರೈವರಿಗೆ 25-30 ಮೀಟರ್ ಹತ್ತಿರ ಬಂದ ಮೇಲೆ ಕಾಣಿಸುತ್ತಾರೆ, ಹೊಳೆಯುವ ಪಟ್ಟಿ ಇದ್ದರೆ ನೂರು ಮೀಟರಿಗಿಂತ ಆಚೆಯಿಂದಲೇ. ಮಕ್ಕಳ ಶಾಲೆಯ ಬ್ಯಾಗಿಗೆ, ನಿಮ್ಮ ತೋಳಿಗೆ ಒಂದೊಂದು ಪಟ್ಟಿ ಹಾಕಿ. ಬೆಳಗ್ಗೆ ಶಾಲೆಗೆ ಹೋಗುವಾಗಲೂ ಕತ್ತಲೇ ಇರುತ್ತದೆ. ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕು. ಮಿಣುಕುವ ದೀಪ ನಡೆಯುವುದಿಲ್ಲ, ಒಂದೇ ಸಮ ಉರಿಯಬೇಕು.

ರಜೆಯಲ್ಲಿ ಗಡಿ ದಾಟುವವರು ನೆನಪಿಡಿ: ಸ್ವಿಟ್ಜರ್ಲೆಂಡಿನಲ್ಲಿ ತ್ರಿಕೋನ ಸುಲಭವಾಗಿ ಕೈಗೆ ಸಿಗುವಂತಿರಬೇಕು, ಫ್ರಾನ್ಸಿನಲ್ಲಿ ವೆಸ್ಟ್ ಡಿಕ್ಕಿಯಲ್ಲಿ ಇದ್ದರೆ ಲೆಕ್ಕಕ್ಕಿಲ್ಲ, ಕಾರಿನೊಳಗೇ ಇರಬೇಕು. ನನ್ನ ಪ್ರಶ್ನೆಯನ್ನು ಅವರು ಕಾನೂನೇ ಮಾಡಿಬಿಟ್ಟಿದ್ದಾರೆ.

ರಾಜ್ಯೋತ್ಸವದ ದಿನ ಹೆಸರು ಬರೆಸುವ ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿರುತ್ತೇವೆ. ಅದರಲ್ಲಿ ಮಕ್ಕಳ ಅಳತೆಯ ವೆಸ್ಟುಗಳಿವೆ. ಬೇಕಾದವರು ತೆಗೆದುಕೊಳ್ಳಿ. ಮಕ್ಕಳಿಗೆ ಚಿಕ್ಕದಾದಾಗ ತೊಳೆದು ತಂದು ಅದೇ ಪೆಟ್ಟಿಗೆಗೆ ಹಾಕಿ.