ಹಣ ಪಡೆಯುವ ಮೊದಲು ವಾಲೆಟ್ಟಿನ ಪೂರ್ವಾಪರ ನೋಡಿದ ಬಗೆ

ಕಳೆದ ಮಳೆಗಾಲದಲ್ಲಿ, ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುತ್ತಿದ್ದ ವಾರದಲ್ಲಿ, ಪರದೇಶದ ಗಿರಾಕಿಯೊಬ್ಬರು ಆನ್‌ಲೈನ್ ಮಳಿಗೆಯ ವಿನ್ಯಾಸ ಮಾಡಿಕೊಡಲು ಕೇಳಿದರು. ಶಿರಸಿ ಸಮೀಪದ ನಮ್ಮ ಮನೆಯ ಜಗಲಿಯಲ್ಲೇ ಕುಳಿತು ನಾನು ಈ ಕೆಲಸ ಮಾಡುವುದು. ಅವರು ಹೇಳಿದ ಮೊತ್ತ ಚೆನ್ನಾಗಿತ್ತು. ಷರತ್ತು ಒಂದೇ: ಹಣವನ್ನು ಯುಎಸ್‌ಡಿಟಿ ಎಂಬ ಕ್ರಿಪ್ಟೋ ನಾಣ್ಯದಲ್ಲಿ, ಟ್ರಾನ್ ಎಂಬ ಬ್ಲಾಕ್‌ಚೈನ್ ಜಾಲದ ಮೂಲಕ ಕೊಡುತ್ತೇವೆ ಎಂದರು. ಡಾಲರಿನ ಬೆಲೆಗೆ ಕಟ್ಟಿಹಾಕಿದ ಈ ನಾಣ್ಯವನ್ನು ಹೊರತರುವುದು ಟೆಥರ್ ಕಂಪನಿ.

ಅಪ್ಪಯ್ಯನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಯಾವ ಊರಿನವರು ತಮ್ಮಾ, ಯಾರ ಪೈಕಿ?" ನನ್ನ ಹತ್ತಿರ ಉತ್ತರವಿರಲಿಲ್ಲ. ಇದ್ದದ್ದು ಅವರು ಹಣ ಕಳುಹಿಸಲಿದ್ದ ವಾಲೆಟ್ಟಿನ (ಕ್ರಿಪ್ಟೋ ಇಡುವ ಡಿಜಿಟಲ್ ಚೀಲದ), ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುವ ಮೂವತ್ತನಾಲ್ಕು ಅಕ್ಷರಗಳ ಒಂದು ವಿಳಾಸ ಮಾತ್ರ. ಆದರೆ ಆ ವಿಳಾಸದ ಹುಟ್ಟು, ವಹಿವಾಟು ಎಲ್ಲವೂ ಬಹಿರಂಗವಾಗಿಯೇ ಇರುತ್ತದೆ. ಆ ಜಾಲದ ದಾಖಲೆ ತೋರಿಸುವ ಟ್ರಾನ್‌ಸ್ಕ್ಯಾನ್ ಜಾಲತಾಣ ತೆರೆದು ವಿಳಾಸ ಹಾಕಿದರೆ ಯಾರು ಬೇಕಾದರೂ ಓದಬಹುದು.

ಮೊದಲು ನೋಡಿದ್ದು ಅದು ಹುಟ್ಟಿದ ದಿನ: ಹನ್ನೊಂದು ದಿನಗಳ ಹಿಂದೆ. ಹೊಸ ವಾಲೆಟ್ ಎಂಬುದು ತಪ್ಪಲ್ಲ, ನಾನೂ ಒಮ್ಮೆ ಹೊಸಬನೇ. ಆದರೆ ಆರು ವರ್ಷಗಳಿಂದ ಇದೇ ರೀತಿ ಹಣ ಕೊಡುತ್ತಿದ್ದೇವೆ ಎಂದು ಅವರು ಬರೆದಿದ್ದರು. ಆ ಮಾತಿಗೂ ಈ ದಿನಾಂಕಕ್ಕೂ ತಾಳೆಯಾಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹಣದ ಓಡಾಟ. ದುಡಿಯುವ ಸಂಸ್ಥೆಯ ವಾಲೆಟ್ಟಿನಲ್ಲಿ ಹಣ ಬಂದು ಕೆಲವು ದಿನ ನಿಲ್ಲುತ್ತದೆ. ಸಂಬಳ, ಬಾಡಿಗೆ, ಸಣ್ಣ ಖರೀದಿ ಎಂದು ಬೇರೆ ಬೇರೆ ಮೊತ್ತಗಳಲ್ಲಿ ಕರಗುತ್ತದೆ. ಇಲ್ಲಿ ಬಂದ ಮೊತ್ತ ಹತ್ತು ನಿಮಿಷದೊಳಗೆ ಪೂರ್ತಿಯಾಗಿ ಹೊರಗೆ ಹೋಗಿತ್ತು. ಮತ್ತೆ ಬಂತು, ಮತ್ತೆ ಹೋಯಿತು. ಬಾಕಿ ಪ್ರತಿ ಬಾರಿಯೂ ಸೊನ್ನೆಯ ಹತ್ತಿರ. ಕೆಲಸ ಮಾಡಿಸುವವರ ಹಣದ ನಡಿಗೆ ಹೀಗಿರುವುದನ್ನು ನಾನು ನೋಡಿಲ್ಲ.

ಇನ್ನೊಂದು ಸುಳಿವನ್ನು ತುಂಬಾ ಜನ ನೋಡುವುದೇ ಇಲ್ಲ. ಟ್ರಾನ್ ಜಾಲದಲ್ಲಿ ಹೊಸ ವಿಳಾಸ ತಾನಾಗಿ ಜೀವ ತಳೆಯುವುದಿಲ್ಲ. ಬೇರೊಂದು ಖಾತೆ ಅದನ್ನು ಸಕ್ರಿಯಗೊಳಿಸಬೇಕು. ಹಾಗೆ ಮಾಡಿದ ಖಾತೆ ಯಾವುದೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಅದು ಕ್ರಿಪ್ಟೋ ಕೊಳ್ಳುವ, ಮಾರುವ ಹೆಸರಾಂತ ಎಕ್ಸ್‌ಚೇಂಜ್ ಆಗಿದ್ದರೆ ಅಷ್ಟರಿಂದ ಏನೂ ಹೇಳಲಾಗದು, ಸಾವಿರಾರು ಜನರಿಗೆ ಅದೇ ಬಾಗಿಲು. ಇಲ್ಲಿ ಇದ್ದದ್ದು ಹೆಸರಿಲ್ಲದ ಒಂದು ಖಾಸಗಿ ವಿಳಾಸ. ಅದು ಅದೇ ವಾರ ಇನ್ನೂ ಹಲವು ವಿಳಾಸಗಳಿಗೆ ಜೀವ ಕೊಟ್ಟಿತ್ತು. ಅವುಗಳಲ್ಲಿ ಒಂದನ್ನು ಟೆಥರ್ ಆಗಲೇ ಸ್ಥಗಿತಗೊಳಿಸಿತ್ತು. ಆ ಕಂಪನಿಗೆ ಅಂಥ ಅಧಿಕಾರವಿದೆ: ಕಪ್ಪುಪಟ್ಟಿಗೆ ಸೇರಿದ ವಿಳಾಸದ ಯುಎಸ್‌ಡಿಟಿ ಅಲ್ಲಿಂದ ಕದಲುವುದಿಲ್ಲ.

ಹಾಗೆಂದು ಕೆಟ್ಟ ವಿಳಾಸದಿಂದ ಬಂದ ಪುಡಿಗಾಸು ಕಂಡ ಕೂಡಲೇ ಒಬ್ಬರನ್ನು ಕಳ್ಳರೆನ್ನುವುದು ಅನ್ಯಾಯ. ಹಣ ಬರುವುದನ್ನು ತಡೆಯಲು ವಾಲೆಟ್ಟಿನ ಒಡೆಯನಿಗೆ ಆಗುವುದಿಲ್ಲ. 2022ರ ಆಗಸ್ಟ್‌ನಲ್ಲಿ ಹಣದ ಜಾಡನ್ನು ಮರೆಮಾಚುವ ಟೊರ್ನೆಡೊ ಕ್ಯಾಶ್ ಎಂಬ ಸೇವೆಯ ಮೇಲೆ ಅಮೆರಿಕ ನಿರ್ಬಂಧ ಹೇರಿದಾಗ ಯಾರೋ ಅದರ ಮೂಲಕವೇ ಹೆಸರುವಾಸಿ ಜನರ ವಾಲೆಟ್‌ಗಳಿಗೆ ಈಥರ್ ಎಂಬ ಕ್ರಿಪ್ಟೋ ನಾಣ್ಯವನ್ನು ಚೂರುಪಾರು ಕಳುಹಿಸಿದ್ದರು. ಆದ್ದರಿಂದ ನಾನು ತೂಗಿ ನೋಡುವುದು ಒಡೆಯನೇ ಸಹಿ ಹಾಕಿ ಹೊರಗೆ ಕಳುಹಿಸಿದ್ದನ್ನು.

ಕೊನೆಯ ಪರೀಕ್ಷೆ ವಾಲೆಟ್ ಅವರದೇ ಹೌದೇ ಎಂಬುದು. ನನ್ನ ಹೆಸರು, ಆ ದಿನದ ತಾರೀಕು ಇರುವ ಒಂದು ಸಾಲಿಗೆ ಅದೇ ವಾಲೆಟ್ಟಿನ ಖಾಸಗಿ ಕೀಲಿಯಿಂದ (ಒಡೆಯನ ಬಳಿ ಮಾತ್ರ ಇರಬೇಕಾದ ಗುಪ್ತ ಸಂಕೇತದಿಂದ) ಡಿಜಿಟಲ್ ಸಹಿ ಮಾಡಿ ಕಳುಹಿಸಿ ಎಂದು ಕೇಳಿದೆ. ಕೀಲಿಯನ್ನು ಯಾರಿಗೂ ತೋರಿಸದೆ, ಒಂದು ಪೈಸೆಯನ್ನೂ ಕದಲಿಸದೆ ಇದು ಆಗುತ್ತದೆ. ಮಾದರಿಗೆಂದು ಸ್ವಲ್ಪ ಹಣವನ್ನು ನನಗೇ ಹಾಕಿಸಿಕೊಳ್ಳಲು ನಾನು ಒಪ್ಪುವುದಿಲ್ಲ. ಅನುಮಾನ ಇರುವವರ ಹಣ ನನ್ನ ವಿಳಾಸದ ಇತಿಹಾಸಕ್ಕೆ ಸೇರಿದರೆ ಅಳಿಸಲು ಬರುವುದಿಲ್ಲ. ಅವರು ಸಹಿ ಕಳುಹಿಸಲಿಲ್ಲ. ಅದು ಪಾಲುದಾರರ ವಾಲೆಟ್ ಎಂದರು, ಬದಲಿಗೆ ಇನ್ನೊಂದು ವಿಳಾಸ ಕೊಟ್ಟರು. ನೋಡಿದೆ. ಅದಕ್ಕೆ ಜೀವ ಕೊಟ್ಟದ್ದೂ ಅದೇ ಹೆಸರಿಲ್ಲದ ಖಾತೆ.

ನಮ್ಮ ಲೆಕ್ಕಪರಿಶೋಧಕರು ಬೇರೆಯದೇ ಕಾರಣಕ್ಕೆ ತಲೆ ಅಲ್ಲಾಡಿಸಿದರು. ಪರದೇಶಕ್ಕೆ ಮಾಡಿಕೊಟ್ಟ ಕೆಲಸದ ಹಣ ಬ್ಯಾಂಕಿನ ಮೂಲಕ ಬಂದರೆ ಮಾತ್ರ ಅದು ರಫ್ತಿನ ಗಳಿಕೆಯೆಂದು ತೋರಿಸಲು ದಾಖಲೆ ಸಿಗುತ್ತದೆ ಎಂದರು. ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಶೇಕಡಾ ತೆರಿಗೆಯೂ ಇದೆ. ಅವರ ಬಳಿ ಮೊದಲೇ ಹೋಗಬೇಕಿತ್ತು, ಅಷ್ಟು ರಾತ್ರಿಗಳು ಉಳಿಯುತ್ತಿದ್ದವು.

ಮರುದಿನ ಬೆಳಿಗ್ಗೆ ಗಿರಾಕಿಗೆ ಬರೆದೆ: ಕೆಲಸ ಮಾಡಿಕೊಡಲು ಸಿದ್ಧ, ಹಣ ಮಾತ್ರ ನಿಮ್ಮ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯಿಂದ ಬರಬೇಕು. ಎರಡು ವಿಳಾಸಗಳಲ್ಲಿ ಕಂಡದ್ದನ್ನೂ ಮುಚ್ಚಿಡದೆ ತಿಳಿಸಿದೆ, ವಿವರಣೆ ಇದ್ದರೆ ಕೇಳಲು ಸಿದ್ಧನೆಂದೂ ಸೇರಿಸಿದೆ. ಉತ್ತರ ಬರಲಿಲ್ಲ. ಆ ಮಳಿಗೆಗಾಗಿ ಬಿಡಿಸಿದ ಮೊದಲ ಪುಟದ ಕರಡು ಈಗಲೂ ನನ್ನ ಕಂಪ್ಯೂಟರಿನಲ್ಲಿದೆ.