ಲೆಡ್‌ವಿಲ್ 100: ಸೈಕಲ್ ತುಳಿಯೋದರ ಜೊತೆ ತಳ್ಳೋದನ್ನೂ ಕಲಿತೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಲೆಡ್‌ವಿಲ್ ಅಂತ ಒಂದು ಸಣ್ಣ ಊರಿದೆ. ಸಮುದ್ರಮಟ್ಟದಿಂದ 10,000 ಅಡಿಗೂ ಮೇಲೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅಂದರೆ ಈ ಊರಿನ ಅಂಗಡಿ ಬೀದಿಯೇ ನಮ್ಮ ಗಿರಿಯ ತುದಿಗಿಂತ ಬಹಳ ಮೇಲಿದೆ. ಪ್ರತಿ ಆಗಸ್ಟ್‌ನಲ್ಲಿ ಅಲ್ಲೊಂದು ಮೌಂಟನ್ ಬೈಕ್ ರೇಸ್ ನಡೆಯುತ್ತದೆ. ಹೆಸರಿಗೆ 100 ಮೈಲಿ, ಅಂದರೆ 160 ಕಿಲೋಮೀಟರ್. ಅಳೆದರೆ ಇನ್ನೂ ಸ್ವಲ್ಪ ಜಾಸ್ತಿಯೇ ಬರುತ್ತದೆ. ಒಟ್ಟು ಏರು ಸುಮಾರು 11,000 ಅಡಿ. 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿನ ಬಕಲ್ ಕೊಡುತ್ತಾರೆ. 9 ಗಂಟೆಯೊಳಗೆ ಬಂದರೆ ಇನ್ನೂ ದೊಡ್ಡ ಬಕಲ್. ಗೆಲ್ಲುವ ಹುಡುಗರು ಈಚೆಗೆ 6 ಗಂಟೆಯೊಳಗೇ ಮುಗಿಸಿಬಿಡುತ್ತಾರೆ. ಅವರದು ಬೇರೆ ಲೋಕ ಬಿಡಿ.

ನನ್ನ ಲೆಕ್ಕ ಇದ್ದದ್ದು 12 ಗಂಟೆಯದು. ನಾನು ಹಾಸನ ಕಡೆಯವನು. ಡೆನ್ವರ್ ಪಕ್ಕದಲ್ಲಿ ಮನೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ, ವಯಸ್ಸು ನಲವತ್ತು ದಾಟಿದೆ. ಫೋನಿನಲ್ಲಿ ಅಮ್ಮ ಕೇಳಿದರು, "ಗೆದ್ರೆ ಏನ್ ಕೊಡ್ತಾರೋ ಮಗಾ?" ಗೆಲ್ಲೋದಲ್ಲ, ಮುಗಿಸಿದರೆ ಬಕಲ್ ಅಂದೆ. "ಅದಕ್ಕೆ ಫೀಸೂ ಕಟ್ಟಿದೀಯಾ?" ಕಟ್ಟಿದ್ದೆ. ಅದೂ ಸುಮ್ನೆ ಕಟ್ಟಿದರೆ ಆಗಲ್ಲ. ಹೆಸರು ಕೊಡಬೇಕು, ಲಾಟರಿ ಎತ್ತುತ್ತಾರೆ, ಅದರಲ್ಲಿ ಬಂದರೆ ಸೀಟು. ಇದನ್ನು ಅಮ್ಮನಿಗೆ ವಿವರಿಸುವ ಧೈರ್ಯ ಬರಲಿಲ್ಲ.

ಈ ರೇಸ್ ಹುಟ್ಟಿದ ಕಥೆ ಚಿಕ್ಕದಾಗಿ ಹೇಳುತ್ತೇನೆ. ಲೆಡ್‌ವಿಲ್ ಗಣಿ ಊರು. ಹತ್ತಿರದ ಕ್ಲೈಮ್ಯಾಕ್ಸ್ ಗಣಿಯಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ತೆಗೆಯುತ್ತಿದ್ದರು. 80ರ ದಶಕದ ಶುರುವಿನಲ್ಲಿ ಅದು ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಅಲ್ಲಿ ಗಣಿ ಕೆಲಸ ಮಾಡಿದ್ದ ಕೆನ್ ಕ್ಲೌಬರ್ 1983ರಲ್ಲಿ 100 ಮೈಲಿ ಓಟ ಶುರು ಮಾಡಿದರು. ಓಡೋಕೆ ಬಂದವರು ರಾತ್ರಿ ಉಳಿದುಕೊಂಡರೆ ಊರಲ್ಲಿ ನಾಲ್ಕು ಕಾಸು ಓಡಾಡುತ್ತದೆ ಅನ್ನೋದು ಲೆಕ್ಕ. 1994ರಲ್ಲಿ ಸೈಕಲ್ ರೇಸೂ ಸೇರಿತು. ಈಗ ರೇಸಿನ ವಾರ ಅಲ್ಲಿ ರೂಮ್ ಸಿಗೋದೇ ಕಷ್ಟ.

ದಾರಿ ಹೋಗಿ ಬರುವಂಥದ್ದು. ಹೋದ ದಾರಿಯಲ್ಲೇ ವಾಪಸ್. ಮೊದಲು ಸೇಂಟ್ ಕೆವಿನ್ಸ್ ಏರು, ಆಮೇಲೆ ಶುಗರ್‌ಲೋಫ್ ಏರು, ಅಲ್ಲಿಂದ ಪವರ್‌ಲೈನ್ ಅನ್ನೋ ಕಡಿದಾದ ಇಳಿಜಾರು. ಹೈಟೆನ್ಷನ್ ಕಂಬಗಳ ಕೆಳಗೇ ಹೋಗುವ ದಾರಿ, ಅದಕ್ಕೇ ಆ ಹೆಸರು. ನಂತರ ಟ್ವಿನ್ ಲೇಕ್ಸ್ ತನಕ ಸುಮಾರು ಸಮತಟ್ಟು. ಅಲ್ಲಿಂದ ಕೊಲಂಬೈನ್ ಗಣಿಯ ಕಡೆಗೆ ಹತ್ತಬೇಕು. 3,000 ಅಡಿಗೂ ಮೀರಿದ ಒಂದೇ ಏರು, ತುದಿ 12,400 ಅಡಿ ಮೇಲೆ. ಅಷ್ಟು ಎತ್ತರದಲ್ಲಿ ಮರಗಳೂ ಬೆಳೆಯಲ್ಲ. ಅಲ್ಲಿ ತಿರುಗಿ ಇದೆಲ್ಲವನ್ನೂ ಉಲ್ಟಾ ಮಾಡಬೇಕು. ಬೆಳಿಗ್ಗೆ ಖುಷಿಯಾಗಿ ಇಳಿದ ಪವರ್‌ಲೈನನ್ನು ಸಂಜೆ 80 ಮೈಲಿ ತುಳಿದ ಕಾಲಲ್ಲಿ ಹತ್ತಬೇಕು. ಅದರ ಬುಡದಲ್ಲಿ ಏರು ಶೇಕಡಾ 20ಕ್ಕೂ ಮೇಲಿದೆ, ಅಂದರೆ 100 ಅಡಿ ಮುಂದೆ ಹೋದರೆ 20 ಅಡಿಗೂ ಹೆಚ್ಚು ಮೇಲೆ.

ಹೆಸರು ಲಾಟರಿಯಲ್ಲಿ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಹಿಂದಿನ ವರ್ಷಗಳ ಫಲಿತಾಂಶ ನೋಡಿದ್ದು. ಮುಂದೆ ಬಂದವರದ್ದಲ್ಲ. ಹನ್ನೊಂದೂವರೆ ಗಂಟೆಗೆ ಬಂದವರದ್ದು, 12 ಗಂಟೆ ದಾಟಿ ಬಕಲ್ ತಪ್ಪಿಸಿಕೊಂಡವರದ್ದು. ಇಬ್ಬರ ನಡುವೆ ಸಮತಟ್ಟಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಳಿಜಾರಿನಲ್ಲೂ ಅಷ್ಟೇ. ಸಮಯ ಸೋರಿಹೋಗುತ್ತಿದ್ದದ್ದು ಕೊಲಂಬೈನ್‌ನ ಮೇಲ್ಭಾಗದಲ್ಲಿ ಮತ್ತು ವಾಪಸಿನ ಪವರ್‌ಲೈನ್‌ನಲ್ಲಿ. ಆ ಎರಡು ಕಡೆ ನನ್ನಂಥವರು ಸೈಕಲ್ ಏರಿ ಹೋಗಲ್ಲ. ಇಳಿದು ತಳ್ಳುತ್ತಾರೆ. ವಿಡಿಯೋಗಳಲ್ಲಿ ಉದ್ದಕ್ಕೂ ಇರುವೆ ಸಾಲಿನ ಥರ ಜನ ಸೈಕಲ್ ತಳ್ಳಿಕೊಂಡು ಹೋಗುತ್ತಿರುತ್ತಾರೆ. ಕೆಲವರು ನಿಂತಿರುತ್ತಾರೆ, ಕೆಲವರು ಹ್ಯಾಂಡಲ್ ಮೇಲೆ ತಲೆ ಇಟ್ಟಿರುತ್ತಾರೆ.

ಹಾಗಾದರೆ ತಳ್ಳೋದನ್ನೂ ಅಭ್ಯಾಸ ಮಾಡಬೇಕು ಅಲ್ವಾ? ಸೈಕಲ್ ಗುಂಪಿನ ಗೆಳೆಯರು ಇದನ್ನು ಕೇಳಿ ನಕ್ಕರು. ತಳ್ಳೋದು ಅಂದರೆ ಅವರಿಗೆ ಸೋಲು. ನನಗೆ ಅದು ಲೆಕ್ಕದ ಮಾತು. ತುಂಬಾ ಕಡಿದಾದ ಏರಿನಲ್ಲಿ ಅತಿ ಸಣ್ಣ ಗೇರ್ ಹಾಕಿ ತುಳಿದರೆ ನನ್ನ ವೇಗ ಗಂಟೆಗೆ ಐದೂವರೆ ಕಿಲೋಮೀಟರ್. ಎದೆಬಡಿತ ಮೇಲಿನ ಮಿತಿ ಮುಟ್ಟುತ್ತದೆ. ಇಳಿದು ಚುರುಕಾಗಿ ತಳ್ಳಿದರೆ ನಾಲ್ಕೂವರೆ. ಎದೆಬಡಿತ ನಿಮಿಷಕ್ಕೆ ಇಪ್ಪತ್ತರಷ್ಟು ಕಡಿಮೆ. ಒಂದೂವರೆ ಕಿಲೋಮೀಟರ್ ದೂರಕ್ಕೆ ನಾಲ್ಕು ನಿಮಿಷವೂ ವ್ಯತ್ಯಾಸ ಬರಲ್ಲ. ಆ ನಾಲ್ಕು ನಿಮಿಷ ಉಳಿಸೋಕೆ ಹೋಗಿ ಸುಸ್ತಾಗಿ ಹತ್ತು ನಿಮಿಷ ನಿಂತರೆ ಏನು ಬಂತು?

ತಳ್ಳೋದರಲ್ಲೂ ರೀತಿ ಇದೆ. ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ತಳ್ಳಿದರೆ ಬೆನ್ನು ಬಾಗುತ್ತದೆ, ಉಸಿರು ಸಿಗಲ್ಲ, ಪೆಡಲ್ ಮೀನಖಂಡಕ್ಕೆ ಬಡಿಯುತ್ತದೆ. ಚಿಕ್ಕವನಿದ್ದಾಗ ಸೈಕಲ್ ಮೇಲೆ ರಾಗಿ ಮೂಟೆ ಇಟ್ಟುಕೊಂಡು ಮಿಲ್ಲಿಗೆ ಹೋಗುತ್ತಿದ್ದೆವು. ಏರು ಬಂದಾಗ ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಕೈ ಮೂಟೆಗೆ. ಅದೇ ಇಲ್ಲೂ ಕೆಲಸಕ್ಕೆ ಬಂತು. ಎಡಗೈ ಹ್ಯಾಂಡಲ್ ಹಿಡಿದು ದಾರಿ ತೋರಿಸಬೇಕು, ಬಲಗೈ ಸೀಟಿನ ಹಿಂಭಾಗದಿಂದ ನೂಕಬೇಕು. ಬೆನ್ನು ನೆಟ್ಟಗಿರುತ್ತದೆ. ಹೆಜ್ಜೆ ಚಿಕ್ಕದಿರಬೇಕು, ನಿಲ್ಲಬಾರದು. ಶೂ ಮುಖ್ಯ. ರೇಸಿಗೆ ಅಂತ ಮಾರುವ ಗಟ್ಟಿ ಕಾರ್ಬನ್ ಅಡಿಯ ಶೂ ಕಲ್ಲಿನ ಮೇಲೆ ಜಾರುತ್ತದೆ, ಹಿಮ್ಮಡಿ ಮೇಲೆದ್ದು ಬರುತ್ತದೆ. ರಬ್ಬರ್ ಅಡಿಯ, ಸ್ವಲ್ಪ ಭಾರದ ಶೂ ತಗೊಂಡೆ. ಅದಕ್ಕೆ ವಿಷಾದವೇ ಇಲ್ಲ.

ಚಳಿಗಾಲ ಪೂರ್ತಿ ಗ್ಯಾರೇಜ್‌ನಲ್ಲಿ ಟ್ರೈನರ್ ಮೇಲೆ, ಅಂದರೆ ಸೈಕಲ್ ನಿಂತಲ್ಲೇ ನಿಲ್ಲಿಸುವ ಸ್ಟ್ಯಾಂಡ್ ಮೇಲೆ, ತುಳಿದೆ. ಅದರ ಬಗ್ಗೆ ಹೇಳೋದೇನೂ ಇಲ್ಲ, ಬೇಜಾರಿನ ಕೆಲಸ. ಹೆಚ್ಚಿನದೆಲ್ಲ ಮಾತಾಡುತ್ತಾ ತುಳಿಯಬಹುದಾದಷ್ಟು ನಿಧಾನ. ವಾರಕ್ಕೊಮ್ಮೆ ಮಾತ್ರ ಜೋರು. ಬೇಸಿಗೆಯಲ್ಲಿ ಮಂಜು ಕರಗಿದ ಮೇಲೆ ಶನಿವಾರ ಉದ್ದದ ಸವಾರಿ. ಮರುದಿನ ಸುಸ್ತಾದ ಕಾಲಲ್ಲೇ ಹತ್ತಿರದ ಕಡಿದಾದ ಗುಡ್ಡಕ್ಕೆ ಸೈಕಲ್ ತಳ್ಳಿಕೊಂಡು ಹೋಗೋದು, ಇಳಿಯೋದು, ಮತ್ತೆ ತಳ್ಳೋದು. ನಾಯಿ ಜೊತೆ ವಾಕಿಂಗ್ ಬಂದವರು ಸೈಕಲ್ ಕೆಟ್ಟಿದೆ ಅಂದುಕೊಂಡು ಸಹಾಯ ಬೇಕಾ ಅಂತ ಕೇಳುತ್ತಿದ್ದರು. ಹೆಂಡತಿ ಒಮ್ಮೆ ಜೊತೆಗೆ ಬಂದು ನೋಡಿ, "ರೀ, ತಳ್ಕೊಂಡು ಹೋಗೋಕೆ ಇಷ್ಟು ದುಡ್ಡಿನ ಸೈಕಲ್ ಬೇಕಿತ್ತಾ?" ಅಂದಳು.

ಎತ್ತರದ ವಿಷಯ ಬೇರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, ಸುಮಾರು ಶೇಕಡಾ 21. ಕಡಿಮೆಯಾಗೋದು ಗಾಳಿಯ ಒತ್ತಡ. ಲೆಡ್‌ವಿಲ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ತೀರಕ್ಕಿಂತ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಕಡಿಮೆ. ಕೊಲಂಬೈನ್ ಮೇಲೆ ಇನ್ನೂ ಕಡಿಮೆ. ಡೆನ್ವರ್ 5,280 ಅಡಿಯಲ್ಲಿದೆ, ಹಾಗಾಗಿ ನನಗೆ ಅರ್ಧ ಅಭ್ಯಾಸ ಇತ್ತು ಅನ್ನಬಹುದು. ಉಳಿದ ಅರ್ಧಕ್ಕೆ ಕೆನೋಶಾ ಪಾಸ್ ಅನ್ನೋ ಘಾಟಿಗೆ ಹೋಗುತ್ತಿದ್ದೆ. ಅದು 10,000 ಅಡಿ. ಅಲ್ಲಿಂದ ಜಾರ್ಜಿಯಾ ಪಾಸ್ ಕಡೆಗೆ ಕೊಲೊರಾಡೊ ಟ್ರೇಲ್ ಅನ್ನೋ ಬೆಟ್ಟದ ಕಾಲುದಾರಿ ಹಿಡಿದು ಹೋದರೆ ಕೊನೆಗೆ ಮರ ಮುಗಿದು ಬಯಲು ಸಿಗುತ್ತದೆ. ಅಲ್ಲಿ ಕಲಿತದ್ದು, ಎತ್ತರದಲ್ಲಿ ಒಮ್ಮೆ ಏದುಸಿರು ಹತ್ತಿತು ಅಂದರೆ ಬೇಗ ಇಳಿಯಲ್ಲ. ಕೆಳಗಾದರೆ ಎರಡು ನಿಮಿಷ ನಿಧಾನವಾಗಿ ತುಳಿದರೆ ಸರಿಹೋಗುತ್ತದೆ. ಮೇಲೆ ಹತ್ತು ನಿಮಿಷ ಬೇಕು. ಇನ್ನೊಂದು, ಬೆಟ್ಟದಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಮಿಂಚು ಮಾಮೂಲು. ಬೇಗ ಹೊರಟು ಬೇಗ ಇಳಿಯೋದೇ ಜಾಣತನ. ರೇಸ್ ದಿನ ಆ ಆಯ್ಕೆ ಇರಲ್ಲ. ನಿಧಾನದವರು ತುದಿ ಮುಟ್ಟೋದೇ ಮಧ್ಯಾಹ್ನ. ಅದಕ್ಕೇ ತೆಳು ಮಳೆ ಜಾಕೆಟ್ ಜೇಬಿನಲ್ಲೇ ಇರಬೇಕು.

ಊಟಕ್ಕೆ ಬರೋಣ. ನನಗೆ ಇಷ್ಟದ ಭಾಗ ಇದು. ಇಷ್ಟು ಉದ್ದದ ರೇಸಿನಲ್ಲಿ ಗಂಟೆಗೆ 60 ಗ್ರಾಂ, ಹೊಟ್ಟೆ ಒಪ್ಪಿದರೆ ಇನ್ನೂ ಜಾಸ್ತಿ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಎಲ್ಲರೂ ಪುಟ್ಟ ಪೊಟ್ಟಣದ ಸಿಹಿ ಜೆಲ್ ತಿನ್ನುತ್ತಾರೆ. ನಾಲ್ಕು ಗಂಟೆ ಆದ ಮೇಲೆ ನನಗೆ ಸಿಹಿ ನೋಡಿದರೇ ಹೊಟ್ಟೆ ತೊಳಸುತ್ತದೆ. ಕಡಲೆಬೀಜದ ಚಿಕ್ಕಿ ನೋಡಿದೆ. ಅಗಿಯೋಕೆ ಬಾಯಿ ಮುಚ್ಚಬೇಕು, ಬಾಯಿ ಮುಚ್ಚಿದರೆ ಉಸಿರಿಲ್ಲ. ರವೆ ಉಂಡೆ ಜೇಬಿನಲ್ಲೇ ಪುಡಿಯಾಯಿತು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿದ್ದು ಚೆನ್ನಾಗಿತ್ತು. ಎಲ್ಲಕ್ಕಿಂತ ಒಗ್ಗಿದ್ದು ಪುಟ್ಟ ಇಡ್ಲಿ. ಚಟ್ನಿಪುಡಿ, ಎಣ್ಣೆ ಸವರಿ, ಎರಡೆರಡು ಫಾಯಿಲ್‌ನಲ್ಲಿ ಸುತ್ತಿಟ್ಟರೆ ಒಣಗಲ್ಲ, ಎರಡೇ ಸಲ ಅಗಿದರೆ ಇಳಿಯುತ್ತದೆ, ಉಪ್ಪೂ ಸಿಗುತ್ತದೆ. ಖಾರ ಮಾತ್ರ ಕಡಿಮೆ ಇರಬೇಕು, ಯಾಕೆ ಅಂತ ಬಿಡಿಸಿ ಹೇಳಲ್ಲ. ಕೊಲೊರಾಡೊದ ಒಣ ಚಳಿಯಲ್ಲಿ ಹಿಟ್ಟು ಹುದುಗೋದು ಕಷ್ಟ, ಓವನ್ ಒಳಗೆ ಬರೀ ಲೈಟ್ ಹಾಕಿ ರಾತ್ರಿಯಿಡೀ ಇಡುತ್ತೇವೆ. ಇಡ್ಲಿಯನ್ನು ಮನೆಯಲ್ಲೇ ಬೇಯಿಸಿ ಒಯ್ದೆವು. ಲೆಡ್‌ವಿಲ್‌ನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ, ಅಲ್ಲಿ ಅಡುಗೆಗೆ ಕೂತರೆ ರೇಸ್ ಮುಗಿದಿರುತ್ತದೆ.

ಸೈಕಲ್ ಬಗ್ಗೆ ಎರಡು ಮಾತು. ದಾರಿಯಲ್ಲಿ ಹೆಚ್ಚಿನದು ಮಣ್ಣಿನ ರಸ್ತೆ, ಹಾಗಾಗಿ ಭಾರಿ ಸಸ್ಪೆನ್ಷನ್ ಬೇಕಾಗಿಲ್ಲ. ಟ್ಯೂಬ್‌ಲೆಸ್ ಟಯರ್, ಒಳಗೆ ತೂತು ಮುಚ್ಚುವ ಹೊಸ ಸೀಲೆಂಟ್ ದ್ರವ, ಇಷ್ಟು ಕಡ್ಡಾಯ. ಪವರ್‌ಲೈನ್ ಇಳಿಯುವಾಗ ಮಳೆನೀರು ಕೊರೆದ ಕೊರಕಲು ಇದೆ, ಪಂಚರ್ ಆದವರು ಅಲ್ಲಲ್ಲಿ ಕೂತಿರುತ್ತಾರೆ. ಪೆಡಲ್ ಪಕ್ಕದ ಹಲ್ಲಿನ ಚಕ್ರ, ಅಂದರೆ ಚೈನ್‌ರಿಂಗ್, 30 ಹಲ್ಲಿನದು ಹಾಕಿಸಿದೆ. ಹಲ್ಲು ಕಡಿಮೆ ಇದ್ದಷ್ಟೂ ಏರು ಹಗುರ. ಅಂಗಡಿಯ ಹುಡುಗ 32 ಸಾಕು ಸಾರ್ ಅನ್ನೋ ಧಾಟಿಯಲ್ಲಿ ನೋಡಿದ. ಅವನ ಕಾಲು ಬೇರೆ, ನನ್ನ ಕಾಲು ಬೇರೆ.

ರೇಸ್ ಬೆಳಿಗ್ಗೆ ಆರೂವರೆಗೆ ಶುರು. ಆಗಸ್ಟ್ ಆದರೂ ಹಲ್ಲು ಕಟಕಟ ಅನ್ನುವ ಚಳಿ. ರಾತ್ರಿ ನಿದ್ದೆ ಸರಿಯಾಗಿರಲಿಲ್ಲ. ಆ ಎತ್ತರದಲ್ಲಿ ಯಾರಿಗೂ ಸರಿಯಾಗಿ ಬರಲ್ಲ. ಮೊದಲ ಏರಿನಲ್ಲಿ ಜಾತ್ರೆಯಷ್ಟು ಜನ. ಮುಂದಿನವನ ಚಕ್ರ ನೋಡಿಕೊಂಡು ಹೋಗಬೇಕು ಅಷ್ಟೇ, ಮುನ್ನುಗ್ಗಿದರೆ ಸುಮ್ನೆ ಶಕ್ತಿ ಖರ್ಚು. ಹೊರಟ ಮೇಲೆ ಎಷ್ಟು ಹೊತ್ತಿಗೆ ಎಲ್ಲಿರಬೇಕು ಅಂತ ಬರೆದ ಚೀಟಿಯನ್ನು ಫ್ರೇಮ್ ಮೇಲೆ ಅಂಟಿಸಿದ್ದೆ. ಟ್ವಿನ್ ಲೇಕ್ಸ್ ಮೂರು ಮುಕ್ಕಾಲು ಗಂಟೆ, ಕೊಲಂಬೈನ್ ತುದಿ ಆರು ಗಂಟೆ, ವಾಪಸ್ ಪವರ್‌ಲೈನ್ ತುದಿ ಒಂಬತ್ತೂ ಕಾಲು. ಕೊಲಂಬೈನ್ ತುದಿ ಆರು ಗಂಟೆಯೊಳಗೆ ಮುಟ್ಟಿದರೆ ಬಕಲ್‌ಗೆ ಅವಕಾಶ ಇದೆ ಅನ್ನೋದು ಹಳಬರ ಲೆಕ್ಕ.

ಟ್ವಿನ್ ಲೇಕ್ಸ್‌ನಲ್ಲಿ ಹೆಂಡತಿ, ಮಗಳು ಕಾಯುತ್ತಿದ್ದರು. ಬಾಟಲಿ ಬದಲು, ಇಡ್ಲಿ, ನೀರುಮಜ್ಜಿಗೆ ಎರಡು ಗುಟುಕು. ಮಗಳು ಮೊಬೈಲ್‌ನಲ್ಲಿ ಟೈಮ್ ಇಟ್ಟಿದ್ದಳು. "ಅಪ್ಪಾ, ಹೋಗು, ಮಾತಾಡ್ಬೇಡ."

ಕೊಲಂಬೈನ್‌ನ ಕೆಳಭಾಗ ಒಳ್ಳೆ ರಸ್ತೆ, ನಿಧಾನವಾಗಿ ತುಳಿಯಬಹುದು. ಮರ ಮುಗಿದ ಮೇಲೆ ಸಡಿಲ ಕಲ್ಲು. ಅಲ್ಲಿ ಎಲ್ಲರೂ ಇಳಿದರು. ಎದುರಿಂದ ವೇಗವಾಗಿ ಇಳಿದು ಬರುವವರಿಗೆ ಜಾಗ ಬಿಟ್ಟು ಬಲಬದಿಗೆ ಸರಿದು ತಳ್ಳಬೇಕು. ನಾನು ಒಂದು ಕೈ ಹ್ಯಾಂಡಲ್‌ಗೆ, ಒಂದು ಕೈ ಸೀಟಿಗೆ. ನಿಲ್ಲಲಿಲ್ಲ. ಕೆಳಗೆ ನನ್ನನ್ನು ದಾಟಿ ಹೋಗಿದ್ದ ಎಷ್ಟೋ ಜನ ಬದಿಯಲ್ಲಿ ನಿಂತು ಉಸಿರು ಎಳೆಯುತ್ತಿದ್ದರು. ಅವರನ್ನೆಲ್ಲ ನಡೆದುಕೊಂಡೇ ದಾಟಿದೆ! ತುದಿಗೆ ಹೋದಾಗ ಹೊರಟು ಆರು ಗಂಟೆ ಆಗೋಕೆ ಇನ್ನೂ ಕೆಲವು ನಿಮಿಷ ಬಾಕಿ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ಜಾಕೆಟ್ ಹಾಕಿಕೊಂಡು ಇಳಿದೆ. ಅರ್ಧ ದಾರಿಯಲ್ಲಿ ಆಲಿಕಲ್ಲು ಬಿದ್ದು ಹೆಲ್ಮೆಟ್ ಟಣಟಣ ಅಂದಿತು, ಐದು ನಿಮಿಷಕ್ಕೆ ನಿಂತಿತು.

ವಾಪಸ್ ಬರುವಾಗ ಟ್ವಿನ್ ಲೇಕ್ಸ್ ದಾಟಿದ ಮೇಲೆ ಎದುರುಗಾಳಿ. ಒಬ್ಬನೇ ಹೋದರೆ ಸತ್ತಂತೆ. ಐದಾರು ಜನ ಸೇರಿ ಸರದಿ ಮೇಲೆ ಮುಂದೆ ನಿಂತು ಗಾಳಿ ಕಡಿದೆವು. ಗುರುತು ಪರಿಚಯ ಇಲ್ಲ. ಪವರ್‌ಲೈನ್ ಬುಡದಲ್ಲಿ ಜನ ಕೋಲಾ ಹಂಚುತ್ತಿದ್ದರು. ಒಂದು ಲೋಟ ಕುಡಿದು ಹತ್ತಲು ಶುರು ಮಾಡಿದೆ. ಮೊದಲ ಹೆಜ್ಜೆಯಿಂದಲೇ ತಳ್ಳಿದೆ, ತುಳಿಯುವ ಪ್ರಯತ್ನವನ್ನೇ ಮಾಡಲಿಲ್ಲ. ಇದರ ಕೆಟ್ಟ ಬುದ್ಧಿ ಅಂದರೆ ಇದು ತುದಿ, ಇದೇ ತುದಿ ಅಂತ ಮೋಸ ಮಾಡುತ್ತಲೇ ಇರುತ್ತದೆ. ಅದನ್ನು ಮೊದಲೇ ಓದಿಕೊಂಡಿದ್ದರಿಂದ ನಾನು ಮೇಲೆ ನೋಡೋದನ್ನೇ ಬಿಟ್ಟೆ. ಸಡಿಲ ಕಲ್ಲು ಮುಗಿದು ಏರು ತಗ್ಗಿದ ಕಡೆ ಸೈಕಲ್ ಹತ್ತೋದು, ಮತ್ತೆ ಕಡಿದಾದರೆ ಇಳಿಯೋದು. ಹತ್ತಿ ಇಳಿಯೋದನ್ನೂ ಅಭ್ಯಾಸ ಮಾಡಿದ್ದೆ, ತಡವರಿಸಲಿಲ್ಲ.

ನಿಜವಾಗಿ ಬೇಸರ ಬಂದದ್ದು ಆಮೇಲೆ, ಟರ್ಕಾಯ್ಸ್ ಸರೋವರದ ಪಕ್ಕದ ಡಾಂಬರು ರಸ್ತೆಯಲ್ಲಿ. ಕಡಿದಾದ ಏರಲ್ಲ, ತಳ್ಳುವ ಹಾಗೂ ಇಲ್ಲ, ಮುಗಿಯೋದೂ ಇಲ್ಲ. ಇಡ್ಲಿ ಖಾಲಿಯಾಗಿತ್ತು. ಕೊನೆಗೆ ಊರಿನ ಹತ್ತಿರ ಬುಲೆವಾರ್ಡ್ ಅಂತ ಒಂದು ಉದ್ದದ ಮಣ್ಣುರಸ್ತೆ, ಅದೂ ಏರೇ. ರೇಸ್ ರೂಪಿಸಿದವರಿಗೆ ಕರುಣೆ ಕಡಿಮೆ. ಕೆಂಪು ಕಾರ್ಪೆಟ್ ಮೇಲೆ ಸೈಕಲ್ ನಿಲ್ಲಿಸಿದಾಗ 11 ಗಂಟೆ 35 ನಿಮಿಷ ಆಗಿತ್ತು.

ಅಮ್ಮನಿಗೆ ಬಕಲ್‌ನ ಫೋಟೋ ಕಳಿಸಿದೆ. ಬೆಲ್ಟ್ ಎಲ್ಲಿ ಅಂತ ಕೇಳಿದರು. ಅದನ್ನು ನಾವೇ ತಗೋಬೇಕು. ಎಡಗೈಯ ಕಿರುಬೆರಳು ಮೂರು ವಾರ ಜೋಮು ಹಿಡಿದಿತ್ತು. ಅಂಗೈ ಒತ್ತಿ ಹಿಡಿದು ನರಕ್ಕೆ ಪೆಟ್ಟಾಗಿದೆ, ಅಗಲದ ಹಿಡಿ ಹಾಕಿಸಿ ಅಂದರು ಡಾಕ್ಟರು. ಹಾಕಿಸಿದ್ದೇನೆ. ಭಾನುವಾರ ಗುಡ್ಡಕ್ಕೆ ತಳ್ಳಿಕೊಂಡು ಹೋಗುವಾಗ ಈಗ ಇಬ್ಬರು ಗೆಳೆಯರೂ ಬರುತ್ತಾರೆ, ನಕ್ಕವರಲ್ಲೇ ಇಬ್ಬರು.