ಅಪರೂಪದ ಕಿಡ್ನಿ ಕ್ಯಾನ್ಸರ್: ವಯಸ್ಸು, ಲಿಂಗ, ಜನಾಂಗದ ಅಂಕಿ-ಅಂಶಗಳನ್ನು ಓದುವ ಬಗೆ

ರೀನಲ್ ಮೆಡುಲರಿ ಕಾರ್ಸಿನೋಮ ಎಂಬುದು ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ ಪಾಲಿನ, ಆದರೆ ಅತ್ಯಂತ ಉಗ್ರವಾದ ಬಗೆ. 1995ರಲ್ಲಿ ಅಮೆರಿಕದ ರೋಗಶಾಸ್ತ್ರ ತಜ್ಞರು (ಪೆಥಾಲಜಿಸ್ಟ್‌ಗಳು) ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಸಿಕಲ್ ಸೆಲ್ ವಾಹಕರಾಗಿರುವ, ಎಂದರೆ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ವಂಶವಾಹಿಯನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದ, ಆಫ್ರಿಕನ್ ಮೂಲದ ಯುವಜನರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ರೋಗಿಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರ ಸುಮಾರು ಎರಡು ಪಟ್ಟು. ಇದರ ಬಗೆಗಿನ ಅಧ್ಯಯನ ವರದಿಯೊಂದನ್ನು ಓದಲು ಕೈಗೆತ್ತಿಕೊಂಡಾಗ ಮೊದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಿ: ರೋಗ ಯಾರಿಗೆ ಬರುತ್ತದೆ, ಬಂದವರು ಎಷ್ಟು ಕಾಲ ಬದುಕುತ್ತಾರೆ. ಮೇಲಿನ ವಿವರಗಳೆಲ್ಲ ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಗಂಡಸರಿಗೆ ಹೆಚ್ಚು ಬರುತ್ತದೆ ಎಂದ ಮಾತ್ರಕ್ಕೆ ಗಂಡಸರು ಬೇಗ ಸಾಯುತ್ತಾರೆ ಎಂದಾಗುವುದಿಲ್ಲ.

ನಂತರ ಮಾಹಿತಿಯ ಮೂಲವನ್ನು ನೋಡಿ. ಇಂತಹ ಅನೇಕ ಅಧ್ಯಯನಗಳು 1973ರಿಂದ ಮಾಹಿತಿ ಸಂಗ್ರಹಿಸುತ್ತಿರುವ ಅಮೆರಿಕದ 'ಸೀರ್' ಕ್ಯಾನ್ಸರ್ ನೋಂದಣಿಯನ್ನು ಆಧರಿಸುತ್ತವೆ. ಅದರಲ್ಲಿ ವಯಸ್ಸು, ಲಿಂಗ, ಜನಾಂಗ, ವೈವಾಹಿಕ ಸ್ಥಿತಿ, ರೋಗದ ಹಂತ ಇವೆಲ್ಲ ದಾಖಲಾಗುತ್ತವೆ, ಆದರೆ ರೋಗಿ ಸಿಕಲ್ ಸೆಲ್ ವಾಹಕನೇ ಎಂಬುದು ದಾಖಲಾಗುವುದಿಲ್ಲ. ಹೀಗಾಗಿ ಕೋಷ್ಟಕದಲ್ಲಿ 'ಕಪ್ಪು ಜನಾಂಗ' ಎಂದಿರುವ ಸಾಲಿನಲ್ಲಿ ಆನುವಂಶಿಕ ಕಾರಣ, ಆರೋಗ್ಯ ವಿಮೆಯ ಕೊರತೆ, ಆಸ್ಪತ್ರೆ ತಲುಪಲು ಆದ ತಡ ಎಲ್ಲವೂ ಒಟ್ಟಿಗೆ ಸೇರಿಕೊಂಡಿರುತ್ತವೆ, ಮತ್ತು ಅವುಗಳನ್ನು ಬಿಡಿಸಲು ಆ ದತ್ತಾಂಶವೊಂದರಿಂದಲೇ ಸಾಧ್ಯವಾಗದು.

ಅತಿ ಹೆಚ್ಚು ಗಮನ ಬೇಡುವುದು ರೋಗದ ಹಂತ. ಸಾಮಾನ್ಯ ಕಿಡ್ನಿ ಕ್ಯಾನ್ಸರ್‌ನಲ್ಲಿ ಕಿರಿಯ ವಯಸ್ಸು ಅನುಕೂಲಕರ ಅಂಶ. ಇಲ್ಲಿ ಹಾಗಲ್ಲ: ರೋಗಿಗಳು ಹೆಚ್ಚಾಗಿ ಇಪ್ಪತ್ತು-ಮೂವತ್ತರ ಆಸುಪಾಸಿನವರಾದರೂ, ಬಹುಪಾಲು ಮಂದಿಯಲ್ಲಿ ಪತ್ತೆಯಾಗುವ ವೇಳೆಗೇ ಕ್ಯಾನ್ಸರ್ ಬೇರೆಡೆ ಹರಡಿರುತ್ತದೆ, ಮಧ್ಯಾಂಕ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ) ಸುಮಾರು ಒಂದು ವರ್ಷ. ಆದ್ದರಿಂದ ಒಂದು ಗುಂಪು ಮತ್ತೊಂದಕ್ಕಿಂತ ಕಡಿಮೆ ಕಾಲ ಬದುಕಿತು ಎಂದು ಓದಿದರೆ, ಹಂತ ಮತ್ತು ಚಿಕಿತ್ಸೆಗಳಲ್ಲಿನ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಹೊಂದಿಸಿದ ಮೇಲೂ ಆ ವ್ಯತ್ಯಾಸ ಉಳಿಯಿತೇ ಎಂದು ಹುಡುಕಿ. ಉಳಿಯದಿದ್ದರೆ ಲೇಖಕರು ಜನಾಂಗದ ಬಗ್ಗೆಯಲ್ಲ, ತಡವಾದ ಪತ್ತೆ ಅಥವಾ ಚಿಕಿತ್ಸೆಯ ವ್ಯತ್ಯಾಸದ ಬಗ್ಗೆ ಹೇಳುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಆದವರು ಹೆಚ್ಚು ಕಾಲ ಬದುಕಿದರು ಎಂಬ ಫಲಿತಾಂಶಕ್ಕೂ ಇದೇ ಎಚ್ಚರ ಬೇಕು, ಏಕೆಂದರೆ ವೈದ್ಯರು ಶಸ್ತ್ರಚಿಕಿತ್ಸೆಗೆ ಆರಿಸುವುದು ಸಾಮಾನ್ಯವಾಗಿ ಅದನ್ನು ತಾಳಬಲ್ಲ ರೋಗಿಗಳನ್ನೇ.

ಹಜಾರ್ಡ್ ರೇಶಿಯೊ (ಒಂದು ಗುಂಪಿನ ಸಾವಿನ ಅಪಾಯ ಮತ್ತೊಂದರ ಎಷ್ಟು ಪಟ್ಟು ಎಂಬ ಅಂಕಿ, 1 ಎಂದರೆ ಎರಡೂ ಸಮ) ಜೊತೆಗೆ ಕೊಟ್ಟಿರುವ ಕಾನ್ಫಿಡೆನ್ಸ್ ಇಂಟರ್ವಲ್, ಎಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 1ನ್ನು ಒಳಗೊಂಡಿದ್ದರೆ ವ್ಯತ್ಯಾಸ ಖಚಿತವಲ್ಲ. ಅಪರೂಪದ ರೋಗದಲ್ಲಿ ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಈ ವ್ಯಾಪ್ತಿ ಅಗಲವಾಗಿರುವುದೇ ಹೆಚ್ಚು. 'ವ್ಯತ್ಯಾಸ ಕಾಣಲಿಲ್ಲ' ಎಂಬುದನ್ನು 'ವ್ಯತ್ಯಾಸವೇ ಇಲ್ಲ' ಎಂದು ಓದಬಾರದು.

ಅಮೆರಿಕದ ಜನಾಂಗವಾರು ಅಂಕಿಗಳನ್ನು ಭಾರತಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೆ ಸಿಕಲ್ ಸೆಲ್ ವಾಹಕತ್ವ ನಮ್ಮ ದೇಶದ ಅನೇಕ ಬುಡಕಟ್ಟುಗಳಲ್ಲೂ, ಕರ್ನಾಟಕದ ಚಾಮರಾಜನಗರ, ಮೈಸೂರು ಭಾಗದ ಕಾಡಂಚಿನ ಸಮುದಾಯಗಳಲ್ಲೂ ಇದೆ. ಬಹುತೇಕ ವಾಹಕರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ, ಅವರ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದಕ್ಕೆ ಬೇರೆ ಕಾರಣಗಳೇ ಹೆಚ್ಚು. ಆದರೂ ಯುವ ವಾಹಕರೊಬ್ಬರಿಗೆ ಮೂತ್ರದಲ್ಲಿ ರಕ್ತ ಅಥವಾ ಪಕ್ಕೆನೋವು ಕಾಣಿಸಿಕೊಂಡರೆ ವಾಹಕರೆಂಬ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಕಿಡ್ನಿಯ ಸ್ಕ್ಯಾನ್ ಬೇಕೇ ಎಂದು ಕೇಳಬೇಕು.